ಊಟದ ನಂತರದ ವಿಕೆಟ್‌ಗಳು

ನೆಲ ಸುಳ್ಳು ಹೇಳುವುದಿಲ್ಲ ಎಂದು ಯಾರಾದರೂ ನಿಮಗೆ ಉಪದೇಶ ಮಾಡಿದರೆ ನಂಬಬೇಡಿ. ಮುಂಬೈಯ ಮೈದಾನವೊಂದರಲ್ಲಿ ಮೂವತ್ತಾರು ವರ್ಷ ನೆಲಕ್ಕೆ ನೀರು ಹಾಕಿ, ರೋಲರ್ ಎಳೆದು, ಮೊದಲು ಚಾಪೆ ಹಾಸಿ, ಆಮೇಲೆ ಹುಲ್ಲು ಬೆಳೆಸಿ ನಿವೃತ್ತನಾದವನು ನಾನು. ನೆಲ ಬೇಕಾದಷ್ಟು ಸುಳ್ಳು ಹೇಳುತ್ತದೆ. ಮನುಷ್ಯರ ಹಾಗೆ ಅದನ್ನು ಸ್ಮರಣ ಸಂಚಿಕೆಯಲ್ಲಿ ಅಚ್ಚು ಹಾಕಿಸುವುದಿಲ್ಲ ಎಂಬುದಷ್ಟೇ ಸಮಾಧಾನ.

ಕಳೆದ ತಿಂಗಳು ಮೈದಾನದ ಕೆಲಸಕ್ಕೆ ಹೊಸದಾಗಿ ಸೇರಿದ ಇಬ್ಬರು ತರುಣರು ದಹಿಸರ್‌ನ ನನ್ನ ಮನೆಗೆ ಬಂದಿದ್ದರು. ನಮ್ಮ ಹಳೆಯ ಕಂಪನಿಯ ಕ್ರೀಡಾ ವಿಭಾಗದ ಸ್ಮರಣ ಸಂಚಿಕೆ ಅವರ ಕೈಯಲ್ಲಿತ್ತು. ಅದರಲ್ಲಿ ಶಿವಪುತ್ರ ಹೊಸಮನಿಯ ಬಗ್ಗೆ ಅರ್ಧ ಪುಟ ಬರೆದಿದ್ದಾರೆ. ಮೊದಲ ಸೀಸನ್ನಿನಲ್ಲಿ ಅವನು ಮುಂಬೈಯ ಆಫೀಸ್ ಕ್ರಿಕೆಟ್ಟನ್ನು ನಡುಗಿಸಿದನಂತೆ; ಹೊಗಳಿಕೆ ತಲೆಗೇರಿ ಎರಡನೆಯ ಸೀಸನ್ನಿಗೆ ಕೈ ಕೆಟ್ಟಿತಂತೆ. ಮೊದಲ ವಾಕ್ಯದ ಕೆಳಗೆ ನಾನು ಕೆಂಪು ಪೆನ್ಸಿಲ್ಲಿನಲ್ಲಿ ಒಂದು ಗೆರೆ ಎಳೆದೆ, ಎರಡನೆಯದರ ಕೆಳಗೆ ಎರಡು. ಆ ತರುಣರಿಗೆ ಬಾಯಿಯಲ್ಲಿ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನನ್ನ ಬಡ್ತಿ, ಬೀಳ್ಕೊಡುಗೆಯ ಶಾಲು ಇತ್ಯಾದಿಗಳನ್ನು ಬಿಟ್ಟಿದ್ದೇನೆ. ಅವುಗಳಿಂದ ಯಾರೂ ರೋಲರ್ ಎಳೆಯಲು ಕಲಿಯುವುದಿಲ್ಲ.

ಆ ಕಾಲದಲ್ಲಿ ನಮ್ಮ ಪಿಚ್ಚಿನ ಮೇಲೆ ಹುಲ್ಲಿರಲಿಲ್ಲ. ಕೆಂಪು ಜಲ್ಲಿಮಣ್ಣನ್ನು ಗಟ್ಟಿಯಾಗಿ ಅಡಕಿ, ಅದರ ಮೇಲೆ ತೆಂಗಿನ ನಾರಿನ ಉದ್ದನೆಯ ಚಾಪೆಯನ್ನು ಹಾಸಿ, ಅಂಚಿನ ತೂತುಗಳಲ್ಲಿ ದಪ್ಪ ಮೊಳೆ ಹೊಡೆದು ಎಳೆದು ಬಿಗಿಯುತ್ತಿದ್ದೆವು. ಚೆಂಡು ಪುಟಿಯುತ್ತಿದ್ದುದು ಆ ಚಾಪೆಯ ಮೇಲೆ. ನೋಡುವವರಿಗೆ ಇದು ಮನೆಯಲ್ಲಿ ಜಮಖಾನೆ ಹಾಸುವಷ್ಟೇ ಸುಲಭದ ಕೆಲಸ. ಆದರೆ ಚಾಪೆ ಎಷ್ಟು ಬಿಗಿ ಎಂಬುದರ ಮೇಲೆ ಚೆಂಡಿನ ಗುಣ ನಿಂತಿರುತ್ತದೆ. ಬಿಗಿ ಚಾಪೆಯ ಮೇಲೆ ಚೆಂಡು ನೇರವಾಗಿ, ಸಭ್ಯವಾಗಿ ಏಳುತ್ತದೆ. ಸಡಿಲ ಚಾಪೆಯ ಮೇಲೆ ಒಂದು ಕ್ಷಣ ಕಚ್ಚಿಕೊಂಡು, ಎಲ್ಲಿಗೋ ತಿರುಗಿ ಹೋಗುತ್ತದೆ.

ಇದನ್ನು ನಾನು ತಿಳಿದದ್ದು ತಡವಾಗಿ. ಮೊದಲು ತಿಳಿಸಬೇಕಾದವರು ನಮ್ಮ ಮುಖ್ಯ ಮಾಲಿ ಬಾಬುರಾವ್. ಕೊಂಕಣದ ಮರಾಠಿಗ, ಮಾತು ಕಡಿಮೆ, ಬೀಡಿ ಹೆಚ್ಚು. ನಾನು ಸೇರಿದ ಎರಡೇ ವಾರದಲ್ಲಿ ರೋಲರ್ ಅವರ ಪಾದದ ಮೇಲೆ ಹರಿಯಿತು. ಎಳೆಯುತ್ತಿದ್ದವನು ನಾನೇ ಎಂಬುದನ್ನು ಇಲ್ಲಿ ಮುಚ್ಚಿಡುವುದಿಲ್ಲ. ಅವರು ಇಡೀ ಸೀಸನ್ ಊರಿನಲ್ಲಿ ಕಾಲು ಚಾಚಿ ಕುಳಿತರು. ಚಾಪೆಯ ಜವಾಬ್ದಾರಿ ನನ್ನ ಹೆಗಲಿಗೆ ಬಂತು.

ನನ್ನದು ಗಂಗೊಳ್ಳಿಯ ಹೊಳೆಬದಿ. ನಮ್ಮ ಮನೆಯಲ್ಲಿ ನಾಲ್ಕನೆಯ ಇಯತ್ತೆಯ ನಂತರ ಶಾಲೆ ಇರಲಿಲ್ಲ, ತೆಂಗಿನ ನಾರು ಇತ್ತು. ಅಮ್ಮ ದಿನವಿಡೀ ಹಗ್ಗ ಹೊಸೆಯುತ್ತಿದ್ದಳು. ಒಣ ನಾರನ್ನು ಯಾರಾದರೂ ಎಳೆದರೆ ಅವಳಿಗೆ ಸಿಟ್ಟು. “ಒಣ ನಾರ್ ಮುರಿತ್ತ್ ಮಗಾ, ನೆನ್ದ ನಾರ್ ಬಗ್ಗತ್ತ್” ಎನ್ನುತ್ತಿದ್ದಳು. ದೋಣಿಗೆ ಹಗ್ಗ ಬಿಗಿಯುವವರು ಅದನ್ನು ನೆನೆಸದೆ ಮುಟ್ಟುತ್ತಿರಲಿಲ್ಲ. ಅಂಥ ಮನೆಯಿಂದ ಬಂದವನಿಗೆ, ಮುಂಬೈಯವರು ಧೂಳು ಹಾರುವ ಒಣ ಚಾಪೆಯನ್ನು ದರದರ ಎಳೆದು ಮೊಳೆ ಹೊಡೆಯುವುದು ದನಕ್ಕೆ ಹೊಡೆದಂತೆ ಕಂಡಿತು. ಬಾಬುರಾವ್ ಊರಿಗೆ ಹೋದ ನಂತರದ ಮೊದಲ ಪಂದ್ಯದಂದೇ ಬೆಳಿಗ್ಗೆ ಬೇಗ ಬಂದು, ಚಾಪೆಯನ್ನು ನೀರಿನ ತೊಟ್ಟಿಯಲ್ಲಿ ಅದ್ದಿ ನೆನೆಸಿ, ಮೂವರು ಸೇರಿ ಹೊತ್ತು ತಂದು ಬಿಗಿದೆ. ನೆನೆದ ನಾರು ಮುದುಡುತ್ತದೆಯಲ್ಲ, ಅದು ತಮಟೆಯಂತೆ ನಿಂತಿತು. ಬೆರಳಿನ ಉಗುರೂ ಕೆಳಗೆ ಹೋಗುತ್ತಿರಲಿಲ್ಲ. ಆ ದಿನ ನನಗಾದ ಹೆಮ್ಮೆ ಹೇಳತೀರದು. ಇಡೀ ಸೀಸನ್ ಪ್ರತಿ ಪಂದ್ಯದ ಬೆಳಿಗ್ಗೆ ಹಾಗೆಯೇ ಮಾಡಿದೆ.

ಹೊಸಮನಿ ನಮ್ಮ ಕಂಪನಿಗೆ ಬಂದದ್ದು ಅದೇ ಸೀಸನ್ನಿನಲ್ಲಿ. ಧಾರವಾಡದ ಕಡೆಯವನು, ಇಪ್ಪತ್ತೆರಡರ ಪ್ರಾಯ, ಬಿದಿರಿನಂತೆ ಉದ್ದ. ನಿಧಾನವಾಗಿ ಚೆಂಡು ತಿರುಗಿಸುವ ಬೌಲರ್. ಆಟಗಾರನೆಂದು ಡೆಸ್ಪ್ಯಾಚ್ ವಿಭಾಗದಲ್ಲಿ ತಾತ್ಕಾಲಿಕ ಕೆಲಸ ಕೊಟ್ಟಿದ್ದರು. ಎರಡು ಸೀಸನ್ ನೋಡಿ ಖಾಯಂ ಮಾಡುವುದು, ಇಲ್ಲವಾದರೆ ಕಳುಹಿಸುವುದು ಎಂಬ ಕರಾರು. ಅವನು ಅಷ್ಟನ್ನು ನಂಬಿಕೊಂಡು ತಾಯಿಯನ್ನೂ ಇಬ್ಬರು ತಮ್ಮಂದಿರನ್ನೂ ಕರೆತಂದು ಆಂಟಾಪ್ ಹಿಲ್‌ನ ಒಂದು ಕೋಣೆಯಲ್ಲಿ ಸಂಸಾರ ಹೂಡಿದ್ದ. ತಮ್ಮಂದಿರ ಹೆಸರನ್ನು ಶಾಲೆಗೂ ಹಚ್ಚಿದ್ದ.

“ಇಷ್ಟು ಬೇಗ ಎಂತಕ್ಕೆ ಮರಾಯಾ ಎಲ್ಲರನ್ನೂ ಕರಕೊಂಡು ಬಂದೆ? ಖಾಯಂ ಆಗಲಿ ಮೊದಲು” ಎಂದು ನಾನು ಬುದ್ಧಿ ಹೇಳಿದ್ದೆ.

“ವಾಸಣ್ಣಾರ, ನಮ್ಮವ್ವ ಇಲ್ಲದ ನಾ ರೊಟ್ಟಿ ಎಲ್ಲಿ ಉಣ್ಲಿ? ನಿಮ್ಮ ಉಡುಪಿ ಹೋಟೆಲಿನ್ಯಾಗ ಇಡ್ಲಿ ತಿಂದು ತಿಂದು ನನ್ನ ಮಾರೀನೂ ಇಡ್ಲಿ ಆಗೇತಿ ನೋಡ್ರಿ” ಎಂದು ನಕ್ಕಿದ್ದ.

ಆ ಸೀಸನ್ನಿನಲ್ಲಿ ಅವನು ಮಾಡಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಬೆಳಿಗ್ಗೆ ಅವನ ಚೆಂಡಿನಲ್ಲಿ ಏನೂ ಇರುತ್ತಿರಲಿಲ್ಲ. ಲಂಚ್ ಮುಗಿಸಿ ಬಂದನೆಂದರೆ ಎದುರಾಳಿ ಬ್ಯಾಟ್ಸ್‌ಮನ್‌ಗಳು ಕಕ್ಕಾಬಿಕ್ಕಿ. ಚೆಂಡು ಬಿದ್ದಲ್ಲಿ ಹಾವಿನಂತೆ ಹೆಡೆಯೆತ್ತಿ ತಿರುಗುತ್ತಿತ್ತು. ಒಮ್ಮೆ ಒಂದು ವಿಮಾ ಕಂಪನಿಯ ತಂಡದ ಏಳು ಮಂದಿಯನ್ನು ಚಹಾದ ಮೊದಲೇ ಪೆವಿಲಿಯನ್ನಿಗೆ ಅಟ್ಟಿದ. ಮೈದಾನದಲ್ಲಿ ಅವನಿಗೆ ‘ಊಟದ ನಂತರದವನು’ ಎಂಬ ಹೆಸರೇ ಬಿತ್ತು.

ಹೆಸರಿನ ಹಿಂದೆಯೇ ಕಾರಣಗಳೂ ಬಂದವು. ಮೈದಾನದ ಬಳಿ ಉಡುಪಿ ಹೋಟೆಲ್ ನಡೆಸುತ್ತಿದ್ದ ಶೀನ ಶೆಟ್ಟರು, “ಊಟ ಆದ ಮೇಲೆ ನಾನು ಕೊಡುವ ಜೀರಿಗೆ ಕಷಾಯ ಉಂಟಲ್ಲ, ಅದರ ಗುಣ” ಎಂದು ಗಲ್ಲಾಪೆಟ್ಟಿಗೆಯ ಹಿಂದಿನಿಂದ ಘೋಷಿಸಿದರು. ಕ್ರಿಕೆಟ್ ಆಡುವವರೆಲ್ಲ ಕಷಾಯ ಕುಡಿಯತೊಡಗಿದರು. ಯಾರ ಚೆಂಡೂ ತಿರುಗಲಿಲ್ಲ, ಕೆಲವರ ಹೊಟ್ಟೆ ತಿರುಗಿತು. ಕ್ರೀಡಾ ಕಾರ್ಯದರ್ಶಿ ಪೆಸ್ತನ್‌ಜೀ ಸಾಹೇಬರು ತಮ್ಮ ಉಪದೇಶವೇ ಕಾರಣವೆಂದರು. ಅವರು ದಪ್ಪ ದೇಹದ, ಪ್ಯಾಂಟು ಜಾರದಂತೆ ಹೆಗಲ ಮೇಲೆ ಗ್ಯಾಲಿಸ್ ಪಟ್ಟಿ ಹಾಕುವ, ಒಳ್ಳೆಯ ಮನಸ್ಸಿನ ಪಾರಸಿ. ಆಟದ ಪುಸ್ತಕಗಳನ್ನೆಲ್ಲ ಓದಿದ್ದರು, ಚೆಂಡನ್ನು ಒಮ್ಮೆಯೂ ಎಸೆದವರಲ್ಲ. ಕೆಲವು ಸಲ ನಾವು ಬೇರೆ ಆಫೀಸಿನ ಪಿಚ್ಚಿನಲ್ಲಿ ಆಡಿದಾಗ ಹೊಸಮನಿಗೆ ವಿಕೆಟ್ ಸಿಗುತ್ತಿರಲಿಲ್ಲ. ಅದಕ್ಕೂ ಕಾರಣ ಸಿದ್ಧವಿತ್ತು: ಅಲ್ಲಿ ಕಷಾಯವಿರಲಿಲ್ಲ.

ಸೀಸನ್ ಮುಗಿಯುವಷ್ಟರಲ್ಲಿ ಚಾಪೆ ಒಂದು ಕಡೆಯಿಂದ ಕೊಳೆತು ಎಳೆ ಎಳೆಯಾಗಿ ಬಂತು. ಮೂರು ಸೀಸನ್ ಬಾಳಬೇಕಾದ ಚಾಪೆ. ಒದಗಿಸಿದ ವ್ಯಾಪಾರಿ ಕಳಪೆ ಮಾಲು ಕೊಟ್ಟನೆಂದು ಸ್ಟೋರ್ಸಿನವರು ಅವನಿಗೆ ಖಾರವಾಗಿ ಕಾಗದ ಬರೆದರು. ನಾನೂ ತಲೆಯಾಡಿಸಿದೆ. ನೀರು ಕುಡಿಸಿ ಕುಡಿಸಿ ಅದನ್ನು ಕೊಳೆಸಿದವನು ನಾನು ಎಂದು ಆಗ ಹೊಳೆಯಿತೇ ಇಲ್ಲವೇ ಎಂಬುದರ ಬಗ್ಗೆ ನನ್ನ ನೆನಪನ್ನೇ ನಾನು ಪೂರ್ತಿ ನಂಬುವುದಿಲ್ಲ.

ಎರಡನೆಯ ಸೀಸನ್ನಿಗೆ ಹೊಸ ಚಾಪೆ ಬಂತು. ಕುಂಟುತ್ತ ಬಾಬುರಾವ್ ಕೂಡ ಬಂದರು. ಮೊದಲ ಪಂದ್ಯದ ಬೆಳಿಗ್ಗೆ ನಾನು ಚಾಪೆಯನ್ನು ತೊಟ್ಟಿಗೆ ಇಳಿಸುವುದನ್ನು ಕಂಡು ಅವರ ಬಾಯಿಯಿಂದ ಬೀಡಿ ಬಿತ್ತು.

“ಏ ಅಣ್ಣಾ! ಚಟಈಲಾ ಅಂಘೋಳ ಘಾಲತೋಸ್ ಕಾಯ್?”

ಚಾಪೆಗೆ ಸ್ನಾನ ಮಾಡಿಸುತ್ತೀಯೇನೋ ಎಂದರು. ನಾನು ಅಮ್ಮನ ಶಾಸ್ತ್ರವನ್ನು ಮುರುಕು ಮರಾಠಿಯಲ್ಲಿ ವಿವರಿಸಿದೆ. ಅವರು ಪೂರ್ತಿ ಕೇಳಿ, “ತುಝೀ ಆಯೀ ಕ್ರಿಕೆಟ್ ಖೇಳತೇ?” ಎಂದು ಒಂದೇ ಪ್ರಶ್ನೆ ಹಾಕಿ, ಚಾಪೆಯನ್ನು ಒಣಗಿದ್ದಂತೆಯೇ ಬಿಗಿಸಿದರು. ಅಮ್ಮ ಕ್ರಿಕೆಟ್ ಆಡುತ್ತಾಳೆಯೇ ಎಂದು ಕೇಳಿದ್ದಕ್ಕೆ ಮುಖ ಊದಿಸಿಕೊಂಡು ಮೊಳೆ ಹೊಡೆದೆ. ಅಂದಿನಿಂದ ಮೂರು ತಿಂಗಳು ಅವರೊಡನೆ ಸರಿಯಾಗಿ ಮಾತಾಡಲಿಲ್ಲ. ಅವರಿಗೆ ಅದು ಗೊತ್ತಾಗಲೂ ಇಲ್ಲ. ಮೊದಲೇ ಮಾತಿಲ್ಲದ ಮನುಷ್ಯ.

ಆ ಸೀಸನ್ನಿನಲ್ಲಿ ಹೊಸಮನಿ ಸೋತ. ಊಟದ ಮೊದಲೂ ಸೋತ, ನಂತರವೂ ಸೋತ. ಶಾಲೆಯ ಹುಡುಗರೂ ಹೊಡೆಯಬಲ್ಲ ಚೆಂಡುಗಳು ಅವನ ಕೈಯಿಂದ ಬಂದವು. ಮತ್ತೆ ಕಾರಣಗಳು ಮೆರವಣಿಗೆ ಹೊರಟವು. ಚೂಪು ಮೂತಿಯ ಬೂಟು ಕೊಂಡಿದ್ದಾನೆ, ವಾರಕ್ಕೆರಡು ಸಿನೆಮಾ ನೋಡುತ್ತಾನೆ, ತಲೆಗೆ ಪರಿಮಳದ ಎಣ್ಣೆ ಹಚ್ಚುತ್ತಾನೆ, ಆ ಜಿಡ್ಡು ಬೆರಳಿಗೆ ಹತ್ತಿ ಚೆಂಡು ಜಾರುತ್ತದೆ. ಶೆಟ್ಟರು, “ಅವನು ಈಗ ಕಷಾಯಕ್ಕೆ ಹಾಲು ಹೆಚ್ಚು ಹಾಕಿಸಿಕೊಳ್ಳುತ್ತಾನೆ, ಗಮನಿಸಿದ್ದೀರಾ?” ಎಂದರು. ಎಲ್ಲಕ್ಕೂ ಸೇರಿಸಿ ಒಂದೇ ಮಾತು: ತಲೆ ತಿರುಗಿದೆ.

ಪಾಪದವನು ಇವೆಲ್ಲವನ್ನೂ ನಂಬಿದ. ಎಣ್ಣೆ ಬಿಟ್ಟ, ಸಿನೆಮಾ ಬಿಟ್ಟ, ಬೂಟನ್ನು ತಮ್ಮನಿಗೆ ಕೊಟ್ಟ, ಸೋಮವಾರ ಉಪವಾಸ ಹಿಡಿದ. ಬೆರಳು ಸೀಳುವವರೆಗೆ ಅಭ್ಯಾಸ ಮಾಡಿದ. ಪೆಸ್ತನ್‌ಜೀ ಸಾಹೇಬರು ಅವನನ್ನು ಕರೆದು, ಸೀಸನ್ ಮುಗಿದ ಕೂಡಲೇ ತಾವು ವರದಿ ಬರೆಯಬೇಕೆಂದೂ, ಈಗಿರುವ ಸ್ಥಿತಿಯಲ್ಲಿ ಏನು ಬರೆಯಲಿ ನೀನೇ ಹೇಳು ಎಂದೂ ಬೇಸರದಿಂದ ಕೇಳಿದ್ದರು. ಅದನ್ನು ನನಗೆ ಹೇಳುವಾಗ ಹೊಸಮನಿಗೆ ನಗು ಬರಲಿಲ್ಲ. “ಅವ್ವಗ ಇನ್ನಾ ಹೇಳಿಲ್ರಿ” ಎಂದಷ್ಟೇ ಹೇಳಿದ.

ನಾನು ಶಾಲೆ ಕಲಿತವನಲ್ಲ. ಅಂಗಡಿಯ ಪೊಟ್ಟಣದ ಕಾಗದ ಓದುತ್ತ ಕನ್ನಡವನ್ನೂ, ಹಳೆಯ ಸ್ಕೋರ್‌ಬುಕ್ಕುಗಳನ್ನು ತಿರುವುತ್ತ ಇಂಗ್ಲಿಷ್ ಅಕ್ಷರಗಳನ್ನೂ ಗಳಿಸಿಕೊಂಡವನು. ಹಾಗೆ ಕಲಿತವನಿಗೆ ಒಂದು ಕೆಟ್ಟ ಅಭ್ಯಾಸ ಅಂಟುತ್ತದೆ: ಹತ್ತು ಜನ ಒಪ್ಪಿದ್ದನ್ನು ಹನ್ನೊಂದನೆಯವನಾಗಿ ಒಪ್ಪಲಾಗುವುದಿಲ್ಲ. ತಲೆ ತಿರುಗಿದ ಮನುಷ್ಯ ಉಪವಾಸ ಮಾಡುತ್ತಾನೆಯೇ? ಅದೂ ಅಲ್ಲದೆ ನಾನು ಸೇರುವ ಮುನ್ನವೇ ನಮ್ಮಲ್ಲಿ ಇನ್ನೊಬ್ಬ ‘ಒಂದು ಸೀಸನ್ನಿನ ರಾಜ’ ಇದ್ದನಂತೆ; ಮೊಣಕಾಲೂರಿ ಎಡಕ್ಕೆ ಹೊಡೆಯುವುದರಲ್ಲಿ ನಿಸ್ಸೀಮ. ಮರುವರ್ಷ ಅದೇ ಹೊಡೆತಕ್ಕೆ ಔಟಾಗುತ್ತ ಹೋದ. ಮದುವೆಯಾದದ್ದೇ ಕಾರಣವೆಂದು ಜನ ಇಂದಿಗೂ ಹೇಳುತ್ತಾರೆ. ನಾನು ವಿಚಾರಿಸಿ ತಿಳಿದದ್ದು ಇಷ್ಟು: ಆ ಮೊದಲ ವರ್ಷ ಎಡಗಡೆ ಕೊಳವೆ ಹಾಕಲು ಅಗೆದ ದೊಡ್ಡ ಹೊಂಡವಿತ್ತು, ಅಲ್ಲಿ ಯಾವ ಫೀಲ್ಡರೂ ನಿಲ್ಲುವಂತಿರಲಿಲ್ಲ. ಮರುವರ್ಷ ಹೊಂಡ ಮುಚ್ಚಿತು, ಫೀಲ್ಡರ್ ನಿಂತ. ಹೆಂಡತಿಯ ತಪ್ಪು ಏನು?

ಹೊಸಮನಿಯ ಹೊಂಡ ಎಲ್ಲಿತ್ತು ಎಂಬುದು ನನಗೆ ಹೊಳೆದದ್ದು ಒಂದು ಶಾಮಿಯಾನದಿಂದ. ಸೀಸನ್ನಿನ ಕೊನೆಗೆ ಬಹುಮಾನ ವಿತರಣೆಗೆ ಮೈದಾನದಲ್ಲಿ ಶಾಮಿಯಾನ ಕಟ್ಟಲು ಹೇಳಿದ್ದರು. ನಾರಿನ ಹಗ್ಗ ಕಂಡರೆ ನನ್ನ ಕೈ ಸುಮ್ಮನಿರುತ್ತದೆಯೇ? ಬೆಳಿಗ್ಗೆ ಚೆನ್ನಾಗಿ ನೆನೆಸಿ, ವೀಣೆಯ ತಂತಿಯಂತೆ ಬಿಗಿದೆ. ಮಧ್ಯಾಹ್ನ ಮೂರು ಗಂಟೆಗೆ ಜನರಲ್ ಮ್ಯಾನೇಜರರ ಪತ್ನಿ ಬಹುಮಾನ ಕೊಡಲು ಎದ್ದು ನಿಂತರು. ಶಾಮಿಯಾನ ಮೆಲ್ಲನೆ ಜೋತು ಬಂದು ಅವರ ತಲೆಯ ಮೇಲೆ ಸೆರಗಿನಂತೆ ಕುಳಿತಿತು. ಸಭೆ ನಕ್ಕಿತು. ಆ ತಾಯಿಯೂ ನಕ್ಕರು. ಬಾಬುರಾವ್ ನನ್ನನ್ನು ನೋಡಿದರು. ನಾನು ಹಗ್ಗವನ್ನು ನೋಡಿದೆ.

ನೆನೆದಾಗ ಮುದುಡಿದ ಹಗ್ಗ ಬಿಸಿಲಿಗೆ ಒಣಗಿ ಸಡಿಲವಾಗಿತ್ತು. ದೋಣಿಯ ಹಗ್ಗ ಯಾವಾಗಲೂ ಒದ್ದೆಯಾಗಿಯೇ ಇರುತ್ತದೆ, ಹಾಗಾಗಿ ಅಮ್ಮನ ಶಾಸ್ತ್ರ ಅಲ್ಲಿ ಸರಿ. ಮೈದಾನದಲ್ಲಿ ಬಿಸಿಲಿದೆ ಎಂಬುದನ್ನು ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಹಗ್ಗಕ್ಕೆ ಆದದ್ದು ಚಾಪೆಗೂ ಆಗಿರಬೇಕಲ್ಲ!

ಮರುದಿನ ಪೆವಿಲಿಯನ್ನಿನ ಕಪಾಟಿನಿಂದ ಹಿಂದಿನ ಸೀಸನ್ನಿನ ಸ್ಕೋರ್‌ಬುಕ್ ತೆಗೆದು ನೆಲದಲ್ಲಿ ಹರಡಿಕೊಂಡು ಕುಳಿತೆ. ಲಂಚ್ ಆದಲ್ಲಿ ಸ್ಕೋರ್ ಬರೆಯುವ ಗುಮಾಸ್ತ ಒಂದು ಅಡ್ಡಗೆರೆ ಎಳೆದಿರುತ್ತಾನೆ. ಹೊಸಮನಿಯ ವಿಕೆಟ್‌ಗಳೆಲ್ಲ ಆ ಗೆರೆಯ ಆಚೆಗೇ ಇದ್ದವು. ಇದು ಎಲ್ಲರಿಗೂ ಗೊತ್ತಿದ್ದದ್ದೇ. ಯಾರೂ ನೋಡದೆ ಬಿಟ್ಟದ್ದು ಇನ್ನೊಂದು: ನಮ್ಮ ಪಿಚ್ಚಿನಲ್ಲಿ ಆಡಿದ ಎದುರಾಳಿಗಳ ನಿಧಾನ ಬೌಲರುಗಳೂ ಆ ಗೆರೆಯ ಆಚೆಗೆ ಬೇಕಾದಷ್ಟು ವಿಕೆಟ್ ಕಿತ್ತಿದ್ದರು. ಅವರು ಶೆಟ್ಟರ ಕಷಾಯ ಕುಡಿದವರಲ್ಲ. ಎದುರಾಳಿಯ ವಿಕೆಟ್ಟನ್ನು ಯಾರು ನೆನಪಿಡುತ್ತಾರೆ?

ಆ ಸಂಜೆಯೇ ಆಂಟಾಪ್ ಹಿಲ್‌ಗೆ ಹೋಗಿ ಹೊಸಮನಿಯನ್ನು ಹೊರಗೆ ಕರೆದು ಎಲ್ಲವನ್ನೂ ಹೇಳಿದೆ.

“ಅಂದ್ರ, ಹೋದ ವರ್ಷ ನಾ ಏನೂ ಮಾಡೇ ಇಲ್ಲೇನ್ರಿ ವಾಸಣ್ಣಾರ?”

“ನೀನೂ ಮಾಡಿದ್ದಿ, ನಾನೂ ಮಾಡಿದ್ದೇನೆ. ಯಾರು ಎಷ್ಟು ಅಂತ ಆ ಚಾಪೆಗೇ ಗೊತ್ತು.”

ಅವನು ತನ್ನ ಬಲಗೈಯನ್ನು ಎತ್ತಿ, ಪಟ್ಟಿ ಕಟ್ಟಿದ ಬೆರಳನ್ನು ತಿರುಗಿಸಿ ತಿರುಗಿಸಿ ನೋಡಿದ. “ಬಟ್ಟು ಕೆಟ್ಟಿಲ್ಲ ಅಂದಂಗಾತು” ಎಂದ. ಆಮೇಲೆ ಒಮ್ಮೆಲೇ ನಕ್ಕ. “ಮತ್ತ ಆ ಬೂಟ್ ಯಾಕ ಕೊಡಿಸಿದ್ರೀ ಮಾರಾಯ್ರ ನನ್ನ ತಮ್ಮಗ! ಅವಾ ಈಗ ತಿರುಗಿ ಕೊಡವಲ್ಲ.”

ಸಾಹೇಬರಿಗೆ ಹೇಳುವುದೆಂದು ಇಬ್ಬರೂ ನಿಶ್ಚಯಿಸಿದೆವು. ಹೇಳಿದರೆ ಚಾಪೆ ಕೊಳೆಸಿದವನು ನಾನೆಂಬುದೂ ಹೊರಬೀಳುತ್ತಿತ್ತು. ನಾನೂ ಆಗ ಖಾಯಂ ಆದವನಲ್ಲ. ಆದರೂ ಅವನಿಗೆ ‘ಅಹಂಕಾರದಿಂದ ಕೆಟ್ಟವನು’ ಎಂಬ ವರದಿ ಹೋಗುವುದನ್ನು ನೋಡುತ್ತ ನಿಲ್ಲಲಾಗಲಿಲ್ಲ.

ಪೆಸ್ತನ್‌ಜೀ ಸಾಹೇಬರು ಕುರ್ಚಿಯಲ್ಲಿ ಹಿಂದಕ್ಕೊರಗಿ ಎಲ್ಲವನ್ನೂ ಕೇಳಿದರು. ಅವರ ಗುಜರಾತಿ ಬೆರೆತ ಹಿಂದಿಯನ್ನು ಕನ್ನಡಕ್ಕೆ ತಂದರೆ ಅದರ ಖಾರ ಕಡಿಮೆಯಾಗುತ್ತದೆ, ಕ್ಷಮಿಸಿ. “ಡೀಕ್ರಾ, ಮಗನೇ, ನಿಮ್ಮ ಊರಿನಲ್ಲಿ ಮಾಲಿಗಳು ಸಹ ಕಥೆ ಬರೆಯುತ್ತಾರೆಯೇ? ಸರಿ. ಶನಿವಾರ ತೋರಿಸು. ಸುಳ್ಳಾದರೆ ಇಬ್ಬರನ್ನೂ ಕಳುಹಿಸುತ್ತೇನೆ.”

ಶನಿವಾರ ಬೆಳಿಗ್ಗೆ ಬಾಬುರಾವ್ ಎದುರಿಗೇ ಚಾಪೆಗೆ ಸ್ನಾನ ಮಾಡಿಸಿದೆ. ಅವರು ಎರಡು ಬೀಡಿ ಹೆಚ್ಚು ಸೇದಿದರು, ಅಷ್ಟೆ. ಹತ್ತು ಗಂಟೆಗೆ ಸಾಹೇಬರು ಬಂದು ತಮ್ಮ ಉಗುರನ್ನು ಚಾಪೆಯ ಕೆಳಗೆ ತೂರಿಸಲು ನೋಡಿ, ಆಗದೆ, ತೃಪ್ತರಾದರು. ಕ್ಯಾಪ್ಟನ್ ಸಾವಂತ್ ಬ್ಯಾಟ್ ಹಿಡಿದ, ಹೊಸಮನಿ ಚೆಂಡು ಹಾಕಿದ. ಬೆಳಿಗ್ಗೆ ಸಾವಂತ್ ಮನಸ್ಸಿಗೆ ಬಂದಂತೆ ಹೊಡೆದ. ಊಟಕ್ಕೆ ಹೋದೆವು. ತಿರುಗಿ ಬಂದಾಗ ಚಾಪೆಯ ಅಂಚಿನಲ್ಲಿ ಸಾಹೇಬರ ಎರಡು ಬೆರಳು ಸಲೀಸಾಗಿ ಒಳಹೋದವು. ಹೊಸಮನಿಯ ಮೊದಲ ಚೆಂಡು ಸಾವಂತನ ಬ್ಯಾಟಿನ ಪಕ್ಕದಿಂದ ಸುಳಿದು ಹೋಯಿತು, ಎರಡನೆಯದು ಎದೆಗೆ ಬಂತು, ಮೂರನೆಯದು ವಿಕೆಟ್ ಉರುಳಿಸಿತು. ಹಳೆಯ ಸೀಸನ್ ಕಣ್ಣೆದುರು ಎದ್ದು ನಿಂತಿತು. ನಾನು ಗೆದ್ದೆನೆಂದು ಎದೆಯುಬ್ಬಿಸಿದೆ.

ಸಾಹೇಬರು ಹ್ಯಾಟು ತೆಗೆದು ತಲೆ ಕೆರೆದುಕೊಂಡರು. “ಹಾಗಾದರೆ ಈ ಹುಡುಗ ಅಹಂಕಾರಿಯಲ್ಲ, ಒಪ್ಪಿದೆ. ಆದರೆ ಬೌಲರೂ ಅಲ್ಲ. ಚೆಂಡು ತಿರುಗಿಸಿದ್ದು ನೀರು. ಬೌಲರ್ ಅಲ್ಲದವನನ್ನು ಬೌಲರ್ ಎಂದು ನಾನು ಹೇಗೆ ಖಾಯಂ ಮಾಡಲಿ?”

ನನ್ನ ಕಾಲಡಿಯ ಮಣ್ಣು ಸರಿದಂತಾಯಿತು. ಸತ್ಯವನ್ನು ಹುಡುಕಿ ತಂದು ನಾನೇ ಅವನ ಅನ್ನಕ್ಕೆ ಕಲ್ಲು ಹಾಕಿದ್ದೆ. ಇಷ್ಟೆಲ್ಲ ಯೋಚನೆಯಲ್ಲಿ ಇದೊಂದು ನನಗೆ ಹೊಳೆದೇ ಇರಲಿಲ್ಲ. ಕೈ ಕೆಟ್ಟ ಬೌಲರಿಗೆ ಮುಂದಿನ ವರ್ಷದ ಆಸೆಯಾದರೂ ಇರುತ್ತದೆ.

ಹೊಸಮನಿ ಚೆಂಡನ್ನು ಪ್ಯಾಂಟಿಗೆ ಉಜ್ಜುತ್ತ ಮುಂದೆ ಬಂದ. ಅವನ ಹಿಂದಿಗೂ ಧಾರವಾಡದ ವಾಸನೆ. “ಸಾಬ್, ಪಾನೀಸೇ ವಿಕೆಟ್ ಮಿಲ್ತಾ ತೋ ಕೋಯೀ ಭೀ ಲೇಗಾ. ಆಪ್ ಡಾಲೋ ನಾ ಏಕ್ ಓವರ್!” ಎಂದು ಚೆಂಡನ್ನು ಚಾಚಿದ. ನೀರಿನಿಂದಲೇ ವಿಕೆಟ್ ಸಿಗುವುದಾದರೆ ಯಾರು ಬೇಕಾದರೂ ತೆಗೆಯಬಹುದು, ನೀವೇ ಒಂದು ಓವರ್ ಹಾಕಿ ನೋಡಿ ಎಂಬ ಸವಾಲು.

ನಾನು ಗಾಬರಿಯಾಗಿ, “ಎಂತ ಮರಾಯಾ, ಸಾಹೇಬರ ಹತ್ರ ಹಾಗೆ...” ಎಂದೆ. ಅವನು ನನ್ನ ಕಿವಿಯ ಬಳಿ, “ಹಾಕ್ಲಿ ಬಿಡ್ರಿ ವಾಸಣ್ಣಾರ. ಅವರ ಕೈಲೆ ಚೆಂಡು ಅಲ್ಲೀತನಾನೂ ಹೋಗೂದುಲ್ಲ. ಆವಾಗ ಗೊತ್ತಾಗ್ತೈತಿ, ಬರೇ ನೀರಿಂದ ಆಗೂದುಲ್ಲಂತ” ಎಂದು ಪಿಸುಗುಟ್ಟಿದ. ಲೆಕ್ಕ ಸರಿಯಾಗಿತ್ತು.

ಸಾಹೇಬರು ಕೋಟು ಬಿಚ್ಚಿ ಬಾಬುರಾವ್ ಕೈಗೆ ಕೊಟ್ಟರು. ಗ್ಯಾಲಿಸ್ ಸರಿಮಾಡಿಕೊಂಡರು. ಮೊದಲ ಚೆಂಡು ಪಕ್ಕದ ಪಿಚ್ಚಿನ ಆಟಗಾರರಿಗೆ ಸಿಕ್ಕಿತು. ಎರಡನೆಯದು ಮೂರು ಸಲ ಪುಟಿದು ನಡುದಾರಿಯಲ್ಲೇ ನಿಂತಿತು. ಸಾವಂತ್ ನಗುವನ್ನು ನುಂಗಿಕೊಂಡ. ಹೊಸಮನಿ ನನಗೆ ಕಣ್ಣು ಮಿಟುಕಿಸಿದ.

ಮೂರನೆಯ ಚೆಂಡು ಆಕಾಶಕ್ಕೆ ಹೋಗಿ, ಬಹಳ ಯೋಚಿಸಿ ಕೆಳಗಿಳಿದು, ಚಾಪೆಯ ಸಡಿಲ ಮಡಿಕೆಯನ್ನು ಕಚ್ಚಿ, ಒಂದು ಮೊಳ ತಿರುಗಿ, ಬ್ಯಾಟ್ ಎತ್ತಿ ನಿಂತ ಸಾವಂತನ ಹಿಂದಿನಿಂದ ಹೋಗಿ ಬೇಲ್ಸ್ ಬೀಳಿಸಿತು.

ಆಮೇಲೆ ಸಾಹೇಬರು ಎರಡೂ ಕೈ ಮೇಲೆತ್ತಿ, ಇಡೀ ಚರ್ಚ್‌ಗೇಟಿಗೆ ಕೇಳುವಂತೆ “ಹೌಜ್ಯಾಟ್!” ಎಂದು ಕೂಗಿದರು. ಅಂಪೈರ್ ಇರಲಿಲ್ಲ. ಕೋಟು ಹಿಡಿದುಕೊಂಡೇ ಬಾಬುರಾವ್ ಗಂಭೀರವಾಗಿ ಬೆರಳೆತ್ತಿದರು.

ಹೊಸಮನಿಯ ಮುಖ ಬಿಳಿಚಿಕೊಂಡಿತು. ಅವನ ವಾದವನ್ನು ಆ ಚೆಂಡು ಬುಡಸಹಿತ ಕಿತ್ತಿತ್ತು. ಐವತ್ತು ದಾಟಿದ, ಚೆಂಡು ಮುಟ್ಟದ ಮನುಷ್ಯನಿಗೂ ವಿಕೆಟ್ ಸಿಕ್ಕಿದ ಮೇಲೆ ಇನ್ನೇನು ಉಳಿಯಿತು? ನನಗೋ ಹಟ, ಇಷ್ಟಾದರೂ ಸುಮ್ಮನಿರಲಾಗಲಿಲ್ಲ. “ಸಾಹೇಬ್, ಅದು ಚಾಪೆಯ ತಿರುವು. ಒಣಗಿ ಸಡಿಲಾದ್ದರಿಂದ...” ಎಂದು ಶುರುಮಾಡಿದೆ.

“ಚಾಪೆಯೇ?” ಸಾಹೇಬರು ಕೆಂಪಗಾದರು. “ಯಾವ ಚಾಪೆ? ನಾನು ಬೆರಳಿನಿಂದ ತಿರುಗಿಸಿದೆ! ಸಾಲಾ, ನೀನು ನೋಡಲಿಲ್ಲವೇ? ಸಾವಂತ್, ನೀನು ಹೇಳು. ಬೆರಳೋ, ನೀರೋ?”

ಸಾವಂತ್ ಕೆಲಸ ಬಲ್ಲವನು. “ಬೆರಳು, ಸರ್. ಬರೀ ಬೆರಳು” ಎಂದ.

ಆಗ ಬಾಬುರಾವ್ ಬೀಡಿಯನ್ನು ಬಾಯಿಯಿಂದ ತೆಗೆದರು. ಅವರು ಸಾಹೇಬರೆದುರು ತಾವಾಗಿ ಮಾತಾಡಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ಕೋಟನ್ನು ಮೆಲ್ಲನೆ ಸಾಹೇಬರ ಹೆಗಲಿಗೆ ಏರಿಸುತ್ತ, ಹೊಸಮನಿಯ ಕಡೆ ಗಲ್ಲ ತೋರಿಸಿ, “ಮಗ ತ್ಯಾಚೀ ಪಣ ಬೋಟಂಚ್, ಸಾಹೇಬ್” ಎಂದರು.

ಹಾಗಾದರೆ ಅವನದೂ ಬೆರಳೇ.

ಸಾಹೇಬರು ಬಾಬುರಾವ್ ಮುಖ ನೋಡಿದರು. ವಿಕೆಟ್ ನೋಡಿದರು. ನೀರೆಂದರೆ ತಮ್ಮ ವಿಕೆಟ್ ಹೋಗುತ್ತದೆ, ಬೆರಳೆಂದರೆ ಹುಡುಗ ಉಳಿಯುತ್ತಾನೆ. ಹ್ಯಾಟು ಹಾಕಿಕೊಂಡು, “ಈ ನೀರಿನ ಕಥೆಯನ್ನು ಇನ್ನು ಮೇಲೆ ಯಾರೂ ಎತ್ತಕೂಡದು. ಮಾಲಿ, ನೀನು ಚಾಪೆಗೆ ನೀರು ಮುಟ್ಟಿಸಬೇಡ” ಎಂದು ನಡೆದುಬಿಟ್ಟರು. ಪೆವಿಲಿಯನ್ನಿನವರೆಗೂ ಅವರ ಬಲಗೈ ಗಾಳಿಯಲ್ಲಿ ತಿರುಗುತ್ತಲೇ ಇತ್ತು.

ಹತ್ತು ದಿನಗಳ ನಂತರ ಹೊಸಮನಿ ಮೈದಾನಕ್ಕೆ ಓಡುತ್ತ ಬಂದ. ಕಂಪನಿಯ ಕಾಗದಗಳೆಲ್ಲ ಡೆಸ್ಪ್ಯಾಚಿನ ಮೂಲಕವೇ ಹೊರಡಬೇಕಲ್ಲ? “ನನ್ನ ಖಾಯಂ ಪತ್ರ ನನ್ನ ಟೇಬಲ್ಲಿಗೇ ಬಂತ್ರಿ ವಾಸಣ್ಣಾರ! ನಾನ ನಂಬರ್ ಹಾಕಿ, ನಾನ ಸಿಕ್ಕಾ ಹೊಡದು, ನಾನ ಸಹಿ ಮಾಡಿ ತಗೊಂಡೇನಿ” ಎಂದು ಬಾಬುರಾವ್ ಕಾಲಿಗೂ ಬಿದ್ದ. ರೋಲರ್ ಹರಿದಿದ್ದ ಕಾಲು. ಅವರು ನೋವಿಗೆ ಕೂಗಿಕೊಂಡು ಅವನ ಬೆನ್ನಿಗೆ ಗುದ್ದಿದರು. ಅಂದಿನಿಂದ ನಾನು ಅವರೊಡನೆ ಮಾತು ಶುರುಮಾಡಿದೆ. ಬಿಟ್ಟದ್ದು ಯಾವಾಗ ಎಂದು ಅವರು ಕೇಳಿದರು.

ಆ ಮೇಲೆ ಹೊಸಮನಿ ಹದಿನಾಲ್ಕು ಸೀಸನ್ ಆಡಿದ. ಮೊದಲ ಸೀಸನ್ನಿನಂಥದ್ದು ಮತ್ತೆ ಬರಲಿಲ್ಲ. ಬಿಗಿ ಚಾಪೆಗೆ ಹೊಂದುವಂತೆ ವೇಗ ಹೆಚ್ಚಿಸಿಕೊಂಡು, ಪಂದ್ಯಕ್ಕೆ ಒಂದೋ ಎರಡೋ ವಿಕೆಟ್ ದುಡಿದು ತಿಂದ. ಚಾಪೆಗಳು ಹೋಗಿ ಹುಲ್ಲಿನ ಪಿಚ್ಚು ಬಂತು. ನಾವು ಮಣ್ಣಿನ ಹೊಸ ಪಾಠ ಕಲಿತೆವು, ಹೊಸ ತಪ್ಪು ಮಾಡಿದೆವು. ಪೆಸ್ತನ್‌ಜೀ ಸಾಹೇಬರು ಪ್ರತಿ ವಾರ್ಷಿಕ ಸಭೆಯಲ್ಲೂ ತಮ್ಮ ಚೆಂಡಿನ ವರ್ಣನೆ ಮಾಡುತ್ತಿದ್ದರು. ಅದು ವರ್ಷಕ್ಕೆ ಒಂದು ಗೇಣು ಹೆಚ್ಚು ತಿರುಗುತ್ತಿತ್ತು. ಮೊದಲ ಸೀಸನ್ನೇ ಅತ್ಯುತ್ತಮವಾದವರಲ್ಲಿ ಅವರನ್ನು ಮೀರಿಸುವವರಿಲ್ಲ. ಮತ್ತೊಮ್ಮೆ ಚೆಂಡು ಮುಟ್ಟುವ ತಪ್ಪನ್ನು ಮಾಡಲಿಲ್ಲ. ಅವರಿರುವ ತನಕ ನಾನೂ ಬಾಯಿ ಬಿಡಲಿಲ್ಲ. ಹಾಗಾಗಿಯೇ ಆ ಅಹಂಕಾರದ ಕಥೆ ಸ್ಮರಣ ಸಂಚಿಕೆಯವರೆಗೆ ಬೆಳೆದು ಬಂತು. ಅದರಲ್ಲಿ ನನ್ನ ಪಾಲೂ ಇದೆ.

ಕೊಳೆತ ಆ ಹಳೆಯ ಚಾಪೆಯಲ್ಲಿ ಗಟ್ಟಿ ಉಳಿದ ಭಾಗವನ್ನು ಬಾಬುರಾವ್ ಕತ್ತರಿಸಿ, ಅಂಚು ಹೊಲಿದು, ಕಾಲೊರೆಸುವ ತುಂಡುಗಳನ್ನು ಮಾಡಿದ್ದರು. ಒಂದು ತುಂಡು ಆಂಟಾಪ್ ಹಿಲ್‌ನ ಆ ಕೋಣೆಯ ಹೊಸ್ತಿಲಿಗೆ ಹೋಗಿ ಮೊಳೆಯಲ್ಲಿ ಬಿಗಿದು ಕುಳಿತಿತು. ಖಾಯಂ ಆದ ಖುಷಿಗೆ ರೊಟ್ಟಿ ಊಟಕ್ಕೆ ಕರೆದಿದ್ದರು. ನಾನು ಬೆಳಿಗ್ಗೆಯೇ ಹೋಗಿದ್ದೆ. ಅವನ ತಾಯಿ ಹೊಸ್ತಿಲು ತೊಳೆಯುತ್ತ, ಚೊಂಬಿನ ನೀರನ್ನೆಲ್ಲ ಆ ತುಂಡಿನ ಮೇಲೆ ಸುರಿಯುತ್ತಿದ್ದರು. ನನಗೆ ತಡೆಯಲಾಗಲಿಲ್ಲ.

“ಅಮ್ಮಾ, ಅದಕ್ಕೆ ನೀರು ಹಾಕಬೇಡಿ. ಕೊಳೆಯುತ್ತದೆ.”

ಒಳಗಿನಿಂದ ಹೊಸಮನಿ ಕೂಗಿದ: “ಹಾಕ್ಲಿ ಬಿಡ್ರೀ ವಾಸಣ್ಣಾರ! ಆ ನೀರಿಂದನ ನಾವು ಈ ಮನ್ಯಾಗ ಅದೇವಿ.”

ತಾಯಿಗೆ ಏನೂ ತಿಳಿಯಲಿಲ್ಲ. ಇನ್ನೊಂದು ಚೊಂಬು ಸುರಿದರು. ನಾನು ಆ ಒದ್ದೆ ಚಾಪೆಯ ಮೇಲೆ ಕಾಲೊರೆಸಿ ಒಳಗೆ ಹೋದೆ. ಊಟ ಮುಗಿಸಿ ಹೊರಗೆ ಬರುವಾಗ ಅದು ಬಿಸಿಲಿಗೆ ಒಣಗಿತ್ತು; ಬಗ್ಗಿ ಅದರ ಅಂಚನ್ನು ಮುಟ್ಟಿ ನೋಡಿದೆ. ಎರಡು ಬೆರಳು ಸಲೀಸಾಗಿ ಒಳಗೆ ಹೋದವು.